ಒಂದು ಸ್ಟಾರ್, ನಾಲ್ಕು ಮಸಾಲೆ ದೋಸೆ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 31 ಜನ ಇದ್ದಾರೆ. ಮಾತಾಡುವವರು ಏಳೆಂಟು ಜನ. ಉಳಿದವರು ಬೆಳಿಗ್ಗೆ ಹೂವಿನ ಚಿತ್ರ ಹಾಕುತ್ತಾರೆ, ಯಾರದ್ದಾದರೂ ಹುಟ್ಟುಹಬ್ಬ ಬಂದರೆ ಕೇಕಿನ ಚಿತ್ರ ಹಾಕುತ್ತಾರೆ. ಹೋದ ಭಾನುವಾರ ಮಾತ್ರ ಮಧ್ಯಾಹ್ನದಿಂದ ರಾತ್ರಿವರೆಗೆ ಫೋನು ಗುಂಯ್‌ಗುಟ್ಟುತ್ತಲೇ ಇತ್ತು. ಅದನ್ನು ಇಲ್ಲಿ ಇಳಿಸಿಡುತ್ತಿದ್ದೇನೆ. ಹೋಟೆಲಿನ ಹೆಸರು ತೆಗೆದಿದ್ದೇನೆ. ಹೂವಿನ ಚಿತ್ರಗಳನ್ನೂ ತೆಗೆದಿದ್ದೇನೆ.

ಶುರು ಮಾಡಿದ್ದು ಪುಟ್ಟಿ, ಅಂದರೆ ನಮ್ಮಕ್ಕನ ಮಗಳು. ಬೆಳಿಗ್ಗೆ ಅಪ್ಪ, ಅಮ್ಮ, ಅಜ್ಜಿಯನ್ನು ಕರೆದುಕೊಂಡು ದೋಸೆ ತಿನ್ನಲು ಹೋಗಿದ್ದಳು. ಮನೆಗೆ ಬಂದವಳೇ ಗೂಗಲ್‌ನಲ್ಲಿ ರಿವ್ಯೂ ಬರೆದು, ಅದರ ಸ್ಕ್ರೀನ್‌ಶಾಟನ್ನು ಗುಂಪಿಗೆ ಹಾಕಿದಳು.

"ಒಂದು ಸ್ಟಾರ್. 8.40ಕ್ಕೆ ಹೆಸರು ಬರೆಸಿದೆವು. ಒಳಗೆ ಹೋಗಿದ್ದು 9.35ಕ್ಕೆ. 72 ವರ್ಷದ ನಮ್ಮ ಅಜ್ಜಿ ಅಷ್ಟು ಹೊತ್ತೂ ಫುಟ್‌ಪಾತ್ ಮೇಲೆ ನಿಂತಿದ್ದರು. ನಾಲ್ಕು ಜನ ಒಟ್ಟಿಗೆ ಕೂರುತ್ತೇವೆ ಅಂದರೂ ಇಬ್ಬಿಬ್ಬರನ್ನು ಎರಡು ಕಡೆ ಕೂರಿಸಿದರು. ದೋಸೆ ಅರ್ಧ ಮುಗಿಯುವಷ್ಟರಲ್ಲಿ ಕಾಫಿ ಬಂತು. ಕಾಫಿ ಜೊತೆಗೇ ಬಿಲ್ಲು ಬಂತು. ಕುರ್ಚಿ ಹಿಂದೆ ಒಂದು ಸಂಸಾರ ನಿಂತುಕೊಂಡು ನಮ್ಮ ತಟ್ಟೆಯನ್ನೇ ನೋಡುತ್ತಿತ್ತು. ಸಾಂಬಾರ್ ಕೇಳಿದರೆ ಮುಖ ಕೂಡ ನೋಡದೆ 'ಇಲ್ಲ' ಅಂದರು."

ಮೈಸೂರು ಅತ್ತೆ: ದೋಸೆ ಚೆನ್ನಾಗಿ ಕೆಂಪಗಾಗಿದೆ. ಎಲ್ಲಿಯದು ಪುಟ್ಟಿ?

ಅಕ್ಕ: ಅತ್ತೆ, ಅದು ಕಂಪ್ಲೇಂಟು.

ಮೈಸೂರು ಅತ್ತೆ: ಹೌದಾ? ಕನ್ನಡಕ ಹಾಕಿರಲಿಲ್ಲ.

ದೊಡ್ಡಪ್ಪ: ಪುಟ್ಟಿ, ಇದನ್ನು ಮೊದಲು ತೆಗಿ.

ಪುಟ್ಟಿ: ಯಾಕೆ ದೊಡ್ಡಜ್ಜ? ಸುಳ್ಳೇನಾದರೂ ಬರೆದಿದ್ದೀನಾ?

ದೊಡ್ಡಪ್ಪ: ದೋಸೆ ಹೇಗಿತ್ತು ಅಂತ ಒಂದು ಸಾಲೂ ಇಲ್ಲವಲ್ಲ. ಹೋಗಿದ್ದು ತಿನ್ನೋದಕ್ಕೋ, ಕುರ್ಚಿ ನೋಡೋದಕ್ಕೋ?

ಪುಟ್ಟಿ: ದೋಸೆ ಚೆನ್ನಾಗೇ ಇತ್ತು.

ದೊಡ್ಡಪ್ಪ: ಹಾಗಾದರೆ ಅದನ್ನು ಬರಿ.

ಭಾವ: ಮಾವ, ಅವಳು ಬರೆದದ್ದರಲ್ಲಿ ತಪ್ಪೇನಿದೆ? ದುಡ್ಡು ಕೊಟ್ಟು ತಿನ್ನುತ್ತೇವೆ. ನೆಮ್ಮದಿಯಾಗಿ ತಿನ್ನಲು ಬಿಡಬೇಕು ತಾನೇ?

ದೊಡ್ಡಪ್ಪ: ಎಷ್ಟಾಯಿತು ಅಳಿಯಂದಿರೇ ಬಿಲ್ಲು?

ಭಾವ: ನಾಲ್ಕು ಮಸಾಲೆ, ನಾಲ್ಕು ಕಾಫಿ, ಒಂದು ಕೇಸರಿಬಾತ್. 520.

ದೊಡ್ಡಪ್ಪ: ಹೋದ ತಿಂಗಳು ನನ್ನ ಹುಟ್ಟುಹಬ್ಬಕ್ಕೆ ಅಂತ ಮಾಲ್‌ಗೆ ಕರೆದುಕೊಂಡು ಹೋಗಿದ್ದಿರಿ. ಅಲ್ಲಿ ಎಷ್ಟಾಗಿತ್ತು?

ಭಾವ ಟೈಪಿಂಗ್ ಅಂತ ಬಂತು, ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಉತ್ತರ ಕೊಟ್ಟಿದ್ದು ಅಕ್ಕ.

ಅಕ್ಕ: 3,900. ಅದರಲ್ಲಿ ಸರ್ವಿಸ್ ಚಾರ್ಜ್ ಬೇರೆ, 10 ಪರ್ಸೆಂಟು.

ಭಾವ: ಅದನ್ನು ಹಾಗೆ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಗೊತ್ತಾ? ಜುಲೈ 2022ರಲ್ಲೇ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ. ಹೋಟೆಲಿನವರು ಕೋರ್ಟಿಗೆ ಹೋದರು. ಮಾರ್ಚ್ 2025ರಲ್ಲಿ ದೆಹಲಿ ಹೈಕೋರ್ಟೂ ಪ್ರಾಧಿಕಾರ ಹೇಳಿದ್ದೇ ಸರಿ ಅಂತು. ಕೊಡುವುದು ಬಿಡುವುದು ಗಿರಾಕಿಯ ಇಷ್ಟ. ತೆಗೆಯಿರಿ ಅನ್ನಬಹುದು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಅಕ್ಕ: ಇಷ್ಟೆಲ್ಲ ಗೊತ್ತಿದ್ದೂ ಕೊಟ್ಟಿರಲ್ಲ ರೀ.

ಭಾವ: ಹುಟ್ಟುಹಬ್ಬದ ದಿನ ಯಾಕೆ ಜಗಳ ಅಂತ.

ದೊಡ್ಡಪ್ಪ: ಅಲ್ಲಿ ದೋಸೆ ಚಮಚದಷ್ಟಿತ್ತು, ತಟ್ಟೆ ಸೈಕಲ್ ಚಕ್ರದಷ್ಟಿತ್ತು. ಅವರಿಗೆ ಪುಟ್ಟಿ ಎಷ್ಟು ಸ್ಟಾರ್ ಕೊಟ್ಟಳು?

ಪುಟ್ಟಿ: ನಾಲ್ಕು.

ದೊಡ್ಡಪ್ಪ: ಯಾಕೆ?

ಪುಟ್ಟಿ: ಕೂರಲು ಸೋಫಾ ಇತ್ತು. ನೀವೂ ಅಲ್ಲೇ ನಿದ್ದೆ ಮಾಡಿದಿರಿ ದೊಡ್ಡಜ್ಜ.

ಇದಕ್ಕೆ ಹನ್ನೊಂದು ಜನ ನಗುವ ಮುಖ ಒತ್ತಿದರು. ದೊಡ್ಡಪ್ಪನಿಗೆ ಅದು ಹಿಡಿಸಲಿಲ್ಲ ಅನ್ನುವುದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಅವರ ಮಗ ಮಧ್ಯೆ ಬಂದ.

ಮುಂಬೈ ಅಣ್ಣ: ಪುಟ್ಟಿ, ಇಲ್ಲಿ ಮಾಟುಂಗಾಕ್ಕೆ ಒಂದು ಭಾನುವಾರ ಬಾ. 1940ರಿಂದ ಇರುವ ಕೆಫೆ ಮದ್ರಾಸ್ ಮುಂದೆ ಹೆಸರು ಬರೆಸಿ ಫುಟ್‌ಪಾತ್ ಮೇಲೆ ನಿಲ್ಲುತ್ತೇವೆ. ಗೊತ್ತಿಲ್ಲದವರ ಜೊತೆ ಒಂದೇ ಟೇಬಲಿನಲ್ಲಿ ಕೂರುತ್ತೇವೆ. ಯಾರೂ ಗೊಣಗುವುದಿಲ್ಲ.

ಪುಟ್ಟಿ: ಮಾವ, ನೀವು ಲೋಕಲ್ ಟ್ರೇನಿನಲ್ಲಿ ಓಡಾಡುವವರು. ನಿಮಗೆ ಇದೆಲ್ಲ ನೂಕುನುಗ್ಗಲು ಅಂತಲೇ ಅನಿಸಲ್ಲ.

ಮೈಸೂರು ಅತ್ತೆ: ಸಾಂಬಾರ್ ಇಲ್ಲ ಅಂದರೆ ಏನರ್ಥ? ನಮ್ಮ ಕಡೆ ಮೈಲಾರಿ ಹೋಟೆಲಿಗೆ ಹೋದರೂ ಚಟ್ನಿ, ಸಾಗು ಅಷ್ಟೇ. ಕೇಳಲೇಬಾರದು.

ದೊಡ್ಡಪ್ಪ: ನೋಡು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ ಶುರುವಾಯಿತು. ಇಡ್ಲಿ ವಡೆಗೆ ಚಟ್ನಿ ಮಾತ್ರ. ಸಾಂಬಾರ್ ಇಲ್ಲ. ಚಟ್ನಿ ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಿ. ನಿಂತೇ ತಿನ್ನಬೇಕು. ಜನ ಬರುವುದು ನಿಂತಿದೆಯಾ?

ಅಕ್ಕ: ದೊಡ್ಡಪ್ಪ, ಅಲ್ಲಿ ಇಲ್ಲ ಅಂತ ಮೊದಲೇ ಗೊತ್ತಿರುತ್ತೆ. ಇಲ್ಲಿ ಪಕ್ಕದ ಟೇಬಲಿನ ಇಡ್ಲಿಗೆ ಕೊಟ್ಟರು. ದೋಸೆಗೆ ಕೊಡಲ್ಲ ಅಂದರು.

ದೊಡ್ಡಪ್ಪ: ಮಸಾಲೆ ದೋಸೆ ಒಳಗೆ ಪಲ್ಯ ಇದೆ, ಕೆಂಪು ಚಟ್ನಿ ಇದೆ. ಇನ್ನು ಸಾಂಬಾರಿನಲ್ಲಿ ಅದ್ದಿದರೆ ಗರಿಗರಿ ಎಲ್ಲಿ ಉಳಿಯುತ್ತೆ?

ಇದಾದ ಮೇಲೆ ಗುಂಪು ಸುಮಾರು ಇಪ್ಪತ್ತು ನಿಮಿಷ ಸುಮ್ಮನಿತ್ತು. ಮೇಲುಗಡೆ 'ದೊಡ್ಡಪ್ಪ ಟೈಪಿಂಗ್' ಅಂತ ಮಾತ್ರ ಬರುತ್ತಲೇ ಇತ್ತು. ಅವರು ಒಂದೇ ಬೆರಳಲ್ಲಿ ಒತ್ತುತ್ತಾರೆ. ಕೊನೆಗೆ ಬಂದದ್ದು ಇದು. ಒಂದಕ್ಷರ ಬದಲಾಯಿಸಿಲ್ಲ.

ದೊಡ್ಡಪ್ಪ: ಪುಟ್ಟಿ, ನಿನಗೆ ಯಾರೂ ಹೇಳಿಲ್ಲ ಅಂತ ಕಾಣುತ್ತೆ. 1962ರಲ್ಲಿ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬೆಂಗಳೂರಿಗೆ ಬಂದಾಗ ನನಗೆ 13 ವರ್ಷ. ಹೋಟೆಲಿನಲ್ಲಿ ಕ್ಲೀನರ್ ಕೆಲಸ. ಎಲ್ಲರೂ 'ಮಾಣಿ' ಅನ್ನುತ್ತಿದ್ದರು, ಹೆಸರು ಯಾರೂ ಕೇಳಲಿಲ್ಲ. ಎರಡು ವರ್ಷ ಎಂಜಲು ತಟ್ಟೆ ಎತ್ತಿದೆ. ಆಮೇಲೆ ಸಪ್ಲೈಯರ್ ಆದೆ. ಆಮೇಲೆ ನಾಲ್ಕು ವರ್ಷ ದೋಸೆ ಕಲ್ಲಿನ ಮುಂದೆ ನಿಂತೆ. ನಮ್ಮ ಕಲ್ಲಿನ ಮೇಲೆ ಒಂದು ಸಲಕ್ಕೆ 12 ದೋಸೆ. ನೀರು ಚಿಮುಕಿಸಬೇಕು, ಚುರ್ ಅನ್ನಬೇಕು. ಕಡ್ಡಿ ಪೊರಕೆಯಲ್ಲಿ ಗುಡಿಸಬೇಕು. ಹಿಟ್ಟು ಹುಯ್ದು ತಿರುವಬೇಕು. ಹನ್ನೆರಡೂ ಒಂದೇ ಸುತ್ತಿಗೆ ಏಳುತ್ತವೆ. ನೀನು ಹದಿಮೂರನೆಯವಳಾದರೆ ಮುಂದಿನ ಸುತ್ತು. ಪಕ್ಕದವರಿಗೆ ಬಂತು ನಮಗೆ ಬರಲಿಲ್ಲ ಅಂತ ಗಿರಾಕಿಗಳು ಕೂಗಾಡುವುದು ಇದಕ್ಕೇ. ಬೇಗ ಬೇಗ ಹುಯ್ದರೆ ಕಲ್ಲು ತಣ್ಣಗಾಗುತ್ತೆ. ದೋಸೆ ಬೆಳ್ಳಗೆ ಏಳುತ್ತೆ. ಅದನ್ನೂ ನೀವೇ ಫೋಟೋ ತೆಗೆದು ಹಾಕುತ್ತೀರಿ. ಇನ್ನು ಟೇಬಲ್ ಲೆಕ್ಕ. 60 ಸೀಟು ಅಂತಿಟ್ಟುಕೋ. ಒಬ್ಬರು 20 ನಿಮಿಷ ಕೂತರೆ ಗಂಟೆಗೆ 180 ಜನ ತಿಂದು ಹೋಗುತ್ತಾರೆ. 40 ನಿಮಿಷ ಕೂತರೆ 90. ಆಗ ನಿನ್ನ ಅಜ್ಜಿ ಹೊರಗೆ 55 ನಿಮಿಷ ಅಲ್ಲ, ಹೆಚ್ಚುಕಡಿಮೆ ಎರಡು ಗಂಟೆ ನಿಲ್ಲಬೇಕಿತ್ತು. ದೋಸೆಯ ರೇಟು ಡಬಲ್ ಮಾಡಿದರೆ ಕ್ಯೂ ನಾಳೆಯೇ ಕಡಿಮೆಯಾಗುತ್ತೆ. ಅವರು ಮಾಡಿಲ್ಲ. ಬಿಲ್ಲು ಬೇಗ ಬಂತು ಅಂತ ಬೇಜಾರು ಮಾಡಿಕೊಂಡೆ. ಆ ಬಿಲ್ಲಿನ ಮೇಲೆ ಎಷ್ಟು ಅಂತ ಬರೆದಿತ್ತು, ನೋಡಿದೆಯಾ?

ಇದನ್ನು ಓದಿ ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ. ದೊಡ್ಡಪ್ಪ ಹೋಟೆಲಿನಲ್ಲಿ ಇದ್ದರು ಅಂತ ನಮಗೆಲ್ಲ ಗೊತ್ತಿತ್ತು. ಕಲ್ಲಿನ ಮುಂದೆ ನಿಂತಿದ್ದ ಕಥೆ ಮದುವೆ ಮನೆಗಳಲ್ಲಿ ಕೇಳಿದ್ದೆವು. ಎಂಜಲು ತಟ್ಟೆಯ ಎರಡು ವರ್ಷವನ್ನು ಅವರು ಯಾವತ್ತೂ ಹೇಳಿರಲಿಲ್ಲ. ಮುಂಬೈ ಅಣ್ಣ ನನಗೆ ಬೇರೆಯಾಗಿ ಮೆಸೇಜ್ ಮಾಡಿ, 'ಇದು ನಿನಗೆ ಗೊತ್ತಿತ್ತಾ?' ಅಂತ ಕೇಳಿದ. ಸ್ವಂತ ಮಗ.

ಪುಟ್ಟಿ: ದೊಡ್ಡಜ್ಜ, ನಿಜವಾಗಿ ಗೊತ್ತಿರಲಿಲ್ಲ. ಹಾಗೆ ನಗಬಾರದಿತ್ತು. ಸಾರಿ. ಆದರೆ ಒಂದು ಕೇಳಲಾ?

ದೊಡ್ಡಪ್ಪ: ಕೇಳು.

ಪುಟ್ಟಿ: ನೀವು ಹೇಳಿದ್ದೆಲ್ಲ ಒಳಗಿನ ಲೆಕ್ಕ. ಒಪ್ಪಿದೆ. ಕಲ್ಲಿನ ಮೇಲೆ ಹನ್ನೆರಡೇ ಹಿಡಿಯುತ್ತೆ. ಆದರೆ ಹೊರಗೆ ವಯಸ್ಸಾದವರಿಗೆ ಅಂತ ಎರಡು ಬೆಂಚು ಹಾಕಿದರೆ ಕಲ್ಲು ತಣ್ಣಗಾಗುತ್ತಾ?

ನನ್ನನ್ನು ಕೇಳಿದರೆ ಜಗಳ ಇಲ್ಲಿಗೇ ಮುಗಿದಿತ್ತು, ಪುಟ್ಟಿ ಗೆದ್ದಿದ್ದಳು. ದೊಡ್ಡಪ್ಪನ ಮಾತು ಒಂದೂ ಸುಳ್ಳಲ್ಲ. ಆದರೆ ಹೆಸರು ಮಾಡಿದ ಹೋಟೆಲುಗಳು ತಡವನ್ನೂ ಅಸಡ್ಡೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತವೆ. ದೋಸೆ ತಡ ಆಗುವುದಕ್ಕೆ ಕಾರಣ ಇದೆ. ಮುಖ ನೋಡದೆ 'ಇಲ್ಲ' ಅನ್ನುವುದಕ್ಕೆ ಅಭ್ಯಾಸ ಬಿಟ್ಟರೆ ಬೇರೆ ಕಾರಣ ಇಲ್ಲ. ಹೀಗಂತ ಗುಂಪಿನಲ್ಲಿ ಬರೆಯಲು ನನಗೆ ಧೈರ್ಯ ಬರಲಿಲ್ಲ. ಥಂಬ್ಸ್ ಅಪ್ ಒತ್ತಿದೆ. ಯಾರ ಮೆಸೇಜಿಗೆ ಅಂತ ಕೇಳಬೇಡಿ.

ದೊಡ್ಡಪ್ಪ ಬೆಂಚಿನ ವಿಷಯಕ್ಕೆ ಉತ್ತರ ಕೊಡಲಿಲ್ಲ. ಇತಿಹಾಸಕ್ಕೆ ಹೋದರು.

ದೊಡ್ಡಪ್ಪ: ಎಂಟಿಆರ್ 1924ರಲ್ಲಿ ಶುರುವಾಗಿದ್ದು. ಎಮರ್ಜೆನ್ಸಿಯಲ್ಲಿ ಸರ್ಕಾರ ತಿಂಡಿಯ ರೇಟು ಇಳಿಸಿ ಅಂತು. ಆ ರೇಟಿಗೆ ಆ ಗುಣಮಟ್ಟದ ತಿಂಡಿ ಕೊಡುವುದು ಕಷ್ಟವಾಯಿತು. ಆಗಲೇ ಅವರು ಪೊಟ್ಟಣದ ತಿಂಡಿಯ ವ್ಯಾಪಾರಕ್ಕೆ ಕೈ ಹಾಕಿದ್ದು. ಹೋಟೆಲ್ ನಡೆಸುವ ಕಷ್ಟ ನಿಮಗೆ ಗೊತ್ತಿಲ್ಲ.

ಮೈಸೂರು ಅತ್ತೆ: ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಮಾಡಿದ್ದೂ ಅವರೇ ಅಂತಾರಲ್ಲ ಅಣ್ಣ?

ಅಕ್ಕ: ಅತ್ತೆ, ನಾವು ಬೆಂಚಿನ ಬಗ್ಗೆ ಮಾತಾಡುತ್ತಿದ್ದೇವೆ.

ಮೈಸೂರು ಅತ್ತೆ: ನನಗೆ ರವೆ ಇಡ್ಲಿ ನೆನಪಾಯಿತು, ಹೇಳಿದೆ. ಅದಕ್ಕೂ ಬೈತೀರಾ?

ಆಗ ನಮ್ಮಮ್ಮನ ಆಡಿಯೋ ಬಂತು. ಅಮ್ಮ ಟೈಪ್ ಮಾಡುವುದಿಲ್ಲ. ಹಿಂದೆ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು.

ಅಮ್ಮ: ಪುಟ್ಟಿ, ಮೊದಲು ನನ್ನ ವಯಸ್ಸು ಯಾಕೆ ಹಾಕಿದೆ? ಅದೂ 72 ಅಲ್ಲ, 71. ಇನ್ನು ಕಾಲು ನೋವಾಗಿದ್ದು ನಿಜ, ಸುಮ್ನೆ ಇಲ್ಲ ಅಂತ ಯಾಕೆ ಹೇಳಲಿ. ಆ ಪಕ್ಕದ ಮೆಡಿಕಲ್ ಶಾಪಿನ ಹುಡುಗ ಪಾಪ ಸ್ಟೂಲ್ ಕೊಟ್ಟ. ಹತ್ತು ನಿಮಿಷ ಅಲ್ಲಿ ಕೂತೆ. ಅವನಿಗೂ ಗಿರಾಕಿ ಬಂದರು, ಎದ್ದೆ. ಭಾವನವರೇ, ನೀವು ಸಿಟ್ಟು ಮಾಡಿಕೊಳ್ಳಬೇಡಿ, ಮಾತ್ರೆ ತಗೊಂಡಿರಾ?

ದೊಡ್ಡಪ್ಪ: ತಗೊಂಡೆ. ಪುಟ್ಟಿ, 'ಅಷ್ಟು ಹೊತ್ತೂ ನಿಂತಿದ್ದರು' ಅಂತ ಬರೆದಿದ್ದೀಯ. ಹತ್ತು ನಿಮಿಷ ಕೂತಿದ್ದರು ಅಂತ ಈಗ ಗೊತ್ತಾಯಿತು. ಸುಳ್ಳಿಲ್ಲ ಅಂದಿದ್ದೆ.

ಪುಟ್ಟಿ: ಅಯ್ಯೋ ಅಜ್ಜಿ! ಆ ಸ್ಟೂಲು ಕೇಳಿ ತಂದುಕೊಟ್ಟಿದ್ದೇ ನಾನು. ಹೋಟೆಲಿನವರು ಕೊಟ್ಟಿದ್ದಲ್ಲ.

ದೊಡ್ಡಪ್ಪ: ಕೂತಿದ್ದು ಕೂತಿದ್ದೇ.

ಪುಟ್ಟಿ: ಸರಿ. ತಿದ್ದುತ್ತೀನಿ. 45 ನಿಮಿಷ ನಿಂತಿದ್ದರು, 10 ನಿಮಿಷ ಪಕ್ಕದ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ವಯಸ್ಸು 71. ದೋಸೆ ಚೆನ್ನಾಗಿತ್ತು ಅಂತಲೂ ಹಾಕುತ್ತೀನಿ. ಮೂರು ಸ್ಟಾರ್. ಆದರೆ ಬೆಂಚು ಬಿಡಲ್ಲ.

ಅಮ್ಮ ಇನ್ನೊಂದು ಆಡಿಯೋ ಕಳಿಸಿದರು. ವಯಸ್ಸು ತಿದ್ದುವುದು ಬೇಡ, ತೆಗೆದೇಬಿಡು ಅಂತ.

ಭಾವ ಎಲ್ಲರನ್ನೂ ಸಮಾಧಾನ ಮಾಡಲು ಹೋದರು.

ಭಾವ: ಮಾವ, ಈ ಶುಕ್ರವಾರ ನನಗೆ ರಜೆ. ನೀವು ಬನ್ನಿ, ಎಲ್ಲರೂ ಗಾಂಧಿ ಬಜಾರಿಗೆ, ವಿದ್ಯಾರ್ಥಿ ಭವನಕ್ಕೆ ಹೋಗೋಣ. ಸಪ್ಲೈಯರ್ ಒಂದೇ ಕೈಯಲ್ಲಿ ಹತ್ತು ಹನ್ನೆರಡು ದೋಸೆ ತಟ್ಟೆ ಜೋಡಿಸಿಕೊಂಡು ಬರೋದನ್ನು ಪುಟ್ಟಿಗೆ ತೋರಿಸಿ.

ದೊಡ್ಡಪ್ಪ: ಶುಕ್ರವಾರ ಅವರಿಗೂ ರಜೆ.

ಭಾವ: ಹಾಗಾದರೆ ಸೋಮವಾರ ಲಾಲ್‌ಬಾಗ್ ರಸ್ತೆ ಎಂಟಿಆರ್?

ದೊಡ್ಡಪ್ಪ: ಸೋಮವಾರ ಅವರಿಗೆ ರಜೆ. ಇಷ್ಟು ವರ್ಷ ಬೆಂಗಳೂರಿನಲ್ಲಿ ಏನು ತಿಂದಿರಿ ಅಳಿಯಂದಿರೇ?

ರಾತ್ರಿ ಒಂಬತ್ತು ಗಂಟೆಗೆ ದೊಡ್ಡಪ್ಪ ಮತ್ತೆ ಬಂದರು.

ದೊಡ್ಡಪ್ಪ: ನಾನೂ ಒಂದು ರಿವ್ಯೂ ಹಾಕಿದ್ದೇನೆ. ಐದು ಸ್ಟಾರ್. ಪುಟ್ಟಿಯ ಮೂರಕ್ಕೆ ನನ್ನ ಐದು, ಲೆಕ್ಕ ಸರಿಹೋಗುತ್ತೆ. ಎಲ್ಲರೂ ಓದಿ.

ಕೆಳಗೆ ಸ್ಕ್ರೀನ್‌ಶಾಟ್ ಇತ್ತು. 'ಮಸಾಲೆ ದೋಸೆ ಗರಿಗರಿ, ಬಣ್ಣ ಸರಿಯಾಗಿದೆ. ಪಲ್ಯದಲ್ಲಿ ಈರುಳ್ಳಿ ಹದವಾಗಿದೆ. ಕಾಫಿ ಗಟ್ಟಿ. ಕೆಲಸಗಾರರು ಚುರುಕು. ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ.'

ಅಕ್ಕ: ದೊಡ್ಡಪ್ಪ, ಮೇಲೆ ಅಂಗಡಿ ಹೆಸರು ನೋಡಿ.

ದೊಡ್ಡಪ್ಪ: ಏನಾಯಿತು?

ಅಕ್ಕ: ಇದು ಹೋಟೆಲಿಗೆ ಬಿದ್ದಿಲ್ಲ. ಪಕ್ಕದ ಮೆಡಿಕಲ್ ಶಾಪಿಗೆ ಬಿದ್ದಿದೆ.

ಪುಟ್ಟಿ: ತೆಗೀಬೇಡಿ ದೊಡ್ಡಜ್ಜ! ಕೊನೆಯ ಸಾಲು ಸರಿಯಾದ ಜಾಗಕ್ಕೇ ಹೋಗಿದೆ.

ಮೈಸೂರು ಅತ್ತೆ: ಮೆಡಿಕಲ್ ಶಾಪಿನಲ್ಲಿ ದೋಸೆ ಯಾವಾಗಿನಿಂದ ಮಾಡುತ್ತಾರೆ?