ನ್ಯೂಟ್ರಾನ್ ನಕ್ಷತ್ರಗಳ ಜೋಡಿ ಮತ್ತು ಗಾಮಾ ಕಿರಣ ಸ್ಫೋಟ: ಎರಡೇ ಸೆಕೆಂಡಿನಲ್ಲಿ ಮುಗಿಯುವುದೇಕೆ?

ಪ್ರಶ್ನೆ (ಪೊನ್ನಂಪೇಟೆಯಿಂದ)

ಮಾನ್ಯರೇ, ನಮ್ಮ ಪ್ರೌಢಶಾಲೆಯ ವಿಜ್ಞಾನ ಸಂಘಕ್ಕಾಗಿ ಗಾಮಾ ಕಿರಣ ಸ್ಫೋಟಗಳ (ದೂರದ ಆಕಾಶದಿಂದ ಅತಿ ಶಕ್ತಿಶಾಲಿ ಕಿರಣಗಳು ಥಟ್ಟನೆ ಹೊಮ್ಮುವ ಘಟನೆಗಳ) ಕುರಿತು ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. 2 ಸೆಕೆಂಡಿಗಿಂತ ಕಡಿಮೆ ಅವಧಿಯ ಸ್ಫೋಟಗಳು ಎರಡು ನ್ಯೂಟ್ರಾನ್ ನಕ್ಷತ್ರಗಳು (ಭಾರೀ ನಕ್ಷತ್ರಗಳು ಸಿಡಿದ ಮೇಲೆ ಉಳಿಯುವ ಅತಿ ದಟ್ಟ ತಿರುಳುಗಳು) ಒಂದರೊಳಗೊಂದು ಬೆರೆಯುವಾಗ ಹುಟ್ಟುತ್ತವೆ ಎಂದು ಓದಿದ್ದೇನೆ. ಕೋಟ್ಯಂತರ ವರ್ಷ ಪರಸ್ಪರ ಸುತ್ತುವ ಜೋಡಿಯ ಕಥೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದು ಹೇಗೆ ಎಂಬ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆಗೆ ಸರಿಯಾದ ಉತ್ತರ ಬೇಕಾಗಿದೆ.

ಉತ್ತರ 1 (ಮಡಿಕೇರಿಯಿಂದ)

ಮೇಷ್ಟ್ರೇ, ಆ ಹುಡುಗಿ ಕೇಳಿರುವುದು ವಿಷಯದ ತಿರುಳನ್ನೇ. ಸುತ್ತುವ ಜೋಡಿಯು ಗುರುತ್ವ ಅಲೆಗಳ (ದೇಶ-ಕಾಲದಲ್ಲೇ ಏಳುವ ತರಂಗಗಳ) ರೂಪದಲ್ಲಿ ಶಕ್ತಿಯನ್ನು ಕಳೆದುಕೊಳ್ಳುತ್ತಾ ಹತ್ತಿರವಾಗುತ್ತದೆ. ಹತ್ತಿರವಾದಷ್ಟೂ ಆ ನಷ್ಟ ತೀವ್ರವಾಗುತ್ತದೆ. ಕಕ್ಷೆ ವೃತ್ತಾಕಾರವಾಗಿದ್ದರೆ, ಅಂತರ ಅರ್ಧಕ್ಕಿಳಿದಾಗ ಉಳಿದ ಆಯುಷ್ಯ 16ರಲ್ಲಿ ಒಂದು ಪಾಲಾಗುತ್ತದೆ. 1974ರಲ್ಲಿ ಹಲ್ಸ್ ಮತ್ತು ಟೇಲರ್ ಕಂಡುಹಿಡಿದ ಜೋಡಿ 7 ಗಂಟೆ 45 ನಿಮಿಷಗಳಿಗೊಮ್ಮೆ ಸುತ್ತುತ್ತಿದ್ದು, ಅದು ಒಂದಾಗಲು ಇನ್ನೂ ಸುಮಾರು 30 ಕೋಟಿ ವರ್ಷ ಬೇಕು. ಆದರೆ 2017ರ ಆಗಸ್ಟ್ 17ರಂದು ಲೈಗೋ ಮತ್ತು ವರ್ಗೋ ಎಂಬ ಗುರುತ್ವ ಅಲೆ ಶೋಧಕಗಳು ಗುರುತಿಸಿದ ಜೋಡಿಯ ಅಂತಿಮ ಸುತ್ತುಗಳು ಸುಮಾರು 100 ಸೆಕೆಂಡುಗಳಲ್ಲೇ ಮುಗಿದವು. ಅದಾದ 1.7 ಸೆಕೆಂಡಿಗೆ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣಗಳು ಕಂಡವು.

ಸ್ಫೋಟದ ಅವಧಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ನಂತರದ ಘಟನೆ. ಛಿದ್ರವಾದ ನಕ್ಷತ್ರದ್ರವ್ಯದ ಅಲ್ಪಭಾಗ ವಿಲೀನದಿಂದ ಮಧ್ಯದಲ್ಲಿ ಉಂಟಾದ ಕಪ್ಪುಕುಳಿಯ ಸುತ್ತ ತಟ್ಟೆಯಂತೆ ಹರಡಿ, ಅದರೊಳಕ್ಕೆ ಬೀಳುತ್ತಿರುವಾಗ ಬೆಳಕಿನ ವೇಗಕ್ಕೆ ಸಮೀಪದ ಚಿಮ್ಮುಧಾರೆಗಳು ಎರಡೂ ದಿಕ್ಕಿಗೆ ಹೊಮ್ಮುತ್ತವೆ ಎಂಬುದು ಪ್ರಚಲಿತ ವಿವರಣೆ. ತಟ್ಟೆಯ ದ್ರವ್ಯ ಬೇಗ ಬರಿದಾಗುವುದರಿಂದ ಧಾರೆಯೂ ಬೇಗ ನಿಲ್ಲುತ್ತದೆ.

ಉತ್ತರ 2 (ಸೋಮವಾರಪೇಟೆಯಿಂದ)

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಟಿಪ್ಪಣಿಯಲ್ಲಿ 2 ಸೆಕೆಂಡನ್ನು ಗಡಿಕಲ್ಲಿನಂತೆ ನೆಡಬೇಡಿ. 2021ರ ಡಿಸೆಂಬರ್ 11ರ ಸ್ಫೋಟ ಸುಮಾರು 50 ಸೆಕೆಂಡು ಇದ್ದರೂ, ಅದರ ಹಿಂದೆಯೇ ನಕ್ಷತ್ರಗಳ ವಿಲೀನದ ಗುರುತಾದ ಕಿಲೋನೋವಾ ಬೆಳಕು ಕಾಣಿಸಿತು. 2020ರ ಆಗಸ್ಟ್ 26ರದು ಸುಮಾರು ಒಂದೇ ಸೆಕೆಂಡಿನದಾಗಿದ್ದರೂ, ಅದು ಭಾರೀ ನಕ್ಷತ್ರವೊಂದರ ಕುಸಿತದಿಂದ ಉಂಟಾದದ್ದೆಂದು ನಂತರದ ವೀಕ್ಷಣೆಗಳು ಸೂಚಿಸಿದವು. ಅವಧಿ ಒಂದು ಸುಳಿವು ಮಾತ್ರ.

ಪ್ರಶ್ನಿಸಿದವರಿಂದ

ಇಬ್ಬರಿಗೂ ಧನ್ಯವಾದಗಳು. ಮಳೆಗಾಲ ಮುಗಿದ ಮೇಲೆ ನಮ್ಮ ದೂರದರ್ಶಕದಲ್ಲಿ ಇಂಥದ್ದನ್ನು ಮಕ್ಕಳಿಗೆ ತೋರಿಸಬಹುದೇ?

ಉತ್ತರ 1 (ಮಡಿಕೇರಿಯಿಂದ)

ಗಾಮಾ ಕಿರಣಗಳನ್ನು ವಾತಾವರಣವೇ ತಡೆಯುವುದರಿಂದ ನಮ್ಮ ಆಕಾಶ ತಿಳಿಯಾಗಿದ್ದರೂ, ಜುಲೈನಂತೆ ಮುಚ್ಚಿಕೊಂಡಿದ್ದರೂ ಒಂದೇ. ಅದು ಉಪಗ್ರಹಗಳ ಕೆಲಸ. ಇಸ್ರೋ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಕೂಡ ಇಂಥ ಅನೇಕ ಸ್ಫೋಟಗಳನ್ನು ದಾಖಲಿಸಿದೆ. ಅದರ ದತ್ತಾಂಶದಿಂದ ಬೆಳಕಿನ ಏರಿಳಿತದ ನಕ್ಷೆಯೊಂದನ್ನು ತೆಗೆದು, ಸ್ಫೋಟದ ಅವಧಿಯನ್ನು ಮಕ್ಕಳಿಂದಲೇ ಅಳೆಯಿಸಿ.