ಕಣ್ಣು ಸಡಿಲ ಬಿಟ್ಟರೆ ನಂಬರ್ ಇಳಿಯುತ್ತಾ? ಚೆಕ್ಕಿಂಗ್ ಕೆಲಸದವರ ಬಗ್ಗೆ ಪ್ರಶ್ನೆ

ಚೆಕ್ಕಿಂಗ್ ಟೇಬಲ್ (ಬಳ್ಳಾರಿ)

ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಚೆಕ್ಕಿಂಗ್, ದಾರ ಕಟ್ಟಿಂಗ್ ಮಾಡೋರ ಬಗ್ಗೆ ಕೇಳ್ತಿದೀನಿ. ಎಲ್ಲರೂ ಇಪ್ಪತ್ತರಿಂದ ಮೂವತ್ತರ ಒಳಗಿನೋರು. ದಿನಕ್ಕೆ ಒಂಬತ್ತು ತಾಸು ಕಡುನೀಲಿ ಬಟ್ಟೆ ಮೇಲೆ ಕಡುನೀಲಿ ದಾರ ನೋಡೋದೇ ಕೆಲಸ. ಬೆಳಗ್ಗೆ ಬಸ್ ಬೋರ್ಡ್ ಸರಿಯಾಗೇ ಕಾಣುತ್ತೆ. ಸಂಜೆ ಹೊರಗೆ ಬಂದ್ರೆ ಹತ್ತು ಹದಿನೈದು ನಿಮಿಷ ಎಲ್ಲ ಮಸಕು, ಹುಬ್ಬಿನ ಮೇಲೆ ನೋವು. ಒಬ್ಬನಿಗೆ ಒಂದು ಕನ್ನಡಕದ ಅಂಗಡೀಲಿ ಮೈನಸ್ (ದೂರದ್ದು ಮಸಕು ಕಾಣೋರ ನಂಬರ್) 0.50 ಅಂದ್ರು, ವಾರ ಬಿಟ್ಟು ಇನ್ನೊಂದು ಕಡೆ ಮೈನಸ್ 1.25 ಬಂತು.

ಈಗ ಎಲ್ಲರ ಮೊಬೈಲಿನಾಗೂ ಒಂದೇ ವಿಡಿಯೊ ಓಡ್ತೈತೆ: ಅಂಗೈ ಮುಚ್ಚಿ ಕೂಡೋದು, ಮೈ ತೂಗೋದು, ಸೂರ್ಯನ ನೋಡೋದು, 30 ದಿನಕ್ಕೆ ಕನ್ನಡಕ ಬಿಡೋದು. ಇದರಲ್ಲಿ ಎಷ್ಟು ನಿಜ ಐತೆ? ಮಾಡೋದಾದ್ರೆ ಎಷ್ಟು ಹೊತ್ತು, ಹೆಂಗೆ? ಗೊತ್ತಿರೋರು ಬಿಡಿಸಿ ಹೇಳ್ರಿ.

ಮೈನಸ್-ಪ್ಲಸ್ (ರಾಯಚೂರು)

ನೀವು ಬರೆದದ್ದರೊಳಗೇ ಅರ್ಧ ಉತ್ತರ ಅದ ಸರ್. ಬೆಳಗ್ಗೆ ಸರಿ, ಸಂಜೀಗೆ ಮಸಕು, ಅಂಗಡಿಗೊಂದು ನಂಬರ್. ಈ ಮೂರು ಕೂಡಿ ಬಂದ್ರ ಮೊದಲು ಅನುಮಾನ ಪಡಬೇಕಾದ್ದು ಸುಳ್ಳು ಮೈನಸ್ ಮ್ಯಾಲ.

ಕಣ್ಣಿನೊಳಗ ಮಸೂರದ ಸುತ್ತ ಉಂಗುರದಂಥ ಒಂದು ಸ್ನಾಯು ಅದ. ಹತ್ತಿರದ್ದು ನೋಡುವಾಗ ಅದು ಬಿಗಿತದ, ಮಸೂರ ಉಬ್ಬತದ. ದೂರ ನೋಡಿದಾಗ ಸ್ನಾಯು ಸಡಿಲಾಗಿ ಮಸೂರ ಚಪ್ಪಟೆ ಆಗ್ತದ. ಎಷ್ಟು ಬಿಗೀಬೇಕು ಅನ್ನೋ ಲೆಕ್ಕ ಸರಳ: ಒಂದು ಮೀಟರನ್ನ ದೂರದಿಂದ ಭಾಗಿಸ್ರಿ. ಬಟ್ಟೆ 40 ಸೆಂ.ಮೀ. ದೂರ ಇದ್ರ 2.5 ಡಯಾಪ್ಟರ್ (ಕನ್ನಡಕದ ನಂಬರನ್ನೂ ಇದೇ ಅಳತೆಯಾಗ ಹೇಳ್ತಾರ). 25ಕ್ಕ ತಂದ್ರ 4. ಮೊಬೈಲ್ ಹಿಡಿದಂಗ 20ಕ್ಕ ತಂದ್ರ 5. ಆರು ಮೀಟರ್ ಆಚೆ ಇದ್ದದ್ದಕ್ಕ ಬರೀ 0.17. ಹಗಲೆಲ್ಲ ನಾಲ್ಕರಾಗ ಹಿಡಿದು ನಿಂತ ಸ್ನಾಯು ಗೇಟ್ ದಾಟಿದ ಕೂಡಲೇ ಸೊನ್ನೆಗೆ ಇಳಿಯೂದಿಲ್ಲ. ಆ ಉಳಿದ ಬಿಗಿತನೇ ನಿಮ್ಮ ಹತ್ತು ನಿಮಿಷದ ಮಸಕು. ಅಂಗಡಿಯ ಕಂಪ್ಯೂಟರ್ ಮಷಿನ್‌ನಾಗ ಇಣುಕಿದಾಗಲೂ ಕಣ್ಣು ‘ಚಿತ್ರ ಹತ್ತಿರ ಅದ’ ಅಂತ ತಿಳಿದು ಇನ್ನಷ್ಟು ಬಿಗಿತದ. ಹಂಗಾಗಿ ನಂಬರ್ ಹೆಚ್ಚಿಗಿ ಬರ್ತದ. ಆ ಚೀಟಿ ನೋಡೇ ಕನ್ನಡಕ ಕೊಟ್ರ, ಆ ಕನ್ನಡಕದಿಂದ ಹತ್ತಿರದ ಕೆಲಸಕ್ಕ ಮತ್ತಷ್ಟು ಬಿಗೀಬೇಕು.

ಈ ಬಿಗಿತ ಸಡಿಲ ಮಾಡಿದ್ರ ನಂಬರ್ ಖರೇನೇ ಇಳೀತದ. ಆದ್ರ ನಿಜವಾದ ಮೈನಸ್ ಬ್ಯಾರೆ. ಅದರಾಗ ಕಣ್ಣುಗುಡ್ಡೆನೇ ಹಿಂದಕ್ಕ ಉದ್ದ ಬೆಳೆದಿರ್ತದ, ಒಂದು ಮಿಲಿಮೀಟರ್ ಉದ್ದ ಆದ್ರ ಹೆಚ್ಚೂಕಡಿಮೆ ಎರಡೂವರೆಯಿಂದ ಮೂರು ನಂಬರ್. ಬೆಳೆದ ಗುಡ್ಡೆ ಕಣ್ಣು ಮುಚ್ಚಿ ಕೂತ್ರ ಗಿಡ್ಡ ಆಗೂದಿಲ್ಲ.

ವಿಡಿಯೊದಾಗಿನ ಪದ್ಧತಿ ನ್ಯೂಯಾರ್ಕಿನ ಕಣ್ಣಿನ ವೈದ್ಯ ವಿಲಿಯಂ ಬೇಟ್ಸ್ (1860-1931) ಅವರದ್ದು. ಕಣ್ಣುಗುಡ್ಡೆಯ ಹೊರಗಿನ ಸ್ನಾಯುಗಳು ಗುಡ್ಡೆಯನ್ನ ಹಿಚುಕಿ ಫೋಕಸ್ ಮಾಡ್ತಾವ, ದಣಿವು ಬಿಟ್ರ ಎಲ್ಲ ನಂಬರ್ ಹೋಗ್ತದ ಅನ್ನೋದು ಅವರ ವಾದ. ಇದು ತಪ್ಪು ಅಂತ ತಿಳಿಯೋಕೆ ಪೊರೆ ಆಪರೇಷನ್ ಆದವರನ್ನ ನೋಡಿದ್ರ ಸಾಕು. ಹೊರಗಿನ ಸ್ನಾಯು ಎಲ್ಲ ಇದ್ದಂಗೇ ಇರ್ತಾವ, ಒಳಗಿನ ಮಸೂರ ಮಾತ್ರ ಬದಲಾಗಿರ್ತದ. ದೂರ ಕಾಣಾಕ ಅಂತ ಸಾಮಾನ್ಯ ಮಸೂರ ಕೂಡಿಸಿದ್ರ ಓದಾಕ ಸಾಮಾನ್ಯವಾಗಿ ಕನ್ನಡಕ ಬೇಕಾಗ್ತದ. ಹೊರಗಿನ ಸ್ನಾಯುನೇ ಫೋಕಸ್ ಮಾಡ್ತಿದ್ರ ಅದು ಬೇಕಾಗ್ತಿರಲಿಲ್ಲ.

ಯಾರಿಗೆ ಯಾವುದು ಅಂತ ಬೇರ್ಪಡಿಸೋದು ಹನಿ ಹಾಕಿ ಮಾಡೋ ಪರೀಕ್ಷೆ. ಒಳಗಿನ ಸ್ನಾಯು ಸಡಿಲ ಮಾಡೋ ಸೈಕ್ಲೋಪೆಂಟೊಲೇಟ್ 1% ಹನಿ ಹಾಕಿ, ಮುಕ್ಕಾಲು ತಾಸು ಬಿಟ್ಟು ನಂಬರ್ ನೋಡ್ತಾರ. ಮೊದಲು 1.25 ಇದ್ದದ್ದು ಆಮ್ಯಾಲ 0.25 ಆದ್ರ ಒಂದು ನಂಬರ್ ಪೂರ್ತಿ ಬಿಗಿತದ್ದು. ಕೆಲವರಿಗೆ ಇದ್ದ ಮೈನಸ್ ಹೋಗಿ ಒಳಗ ಅಡಗಿದ್ದ ಪ್ಲಸ್ ಹೊರಗ ಬರ್ತದ. ಅಂಥವರ ಕಣ್ಣು ದೂರ ನೋಡೋಕೂ ಬಿಗೀಬೇಕಾಗಿತ್ತು ಅಂತ ಅರ್ಥ. ಅವರಿಗೆ ವ್ಯಾಯಾಮಕ್ಕಿಂತ ಸಣ್ಣ ಪ್ಲಸ್ ಕನ್ನಡಕನೇ ವಿಶ್ರಾಂತಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಅದಾವ, ಕಣ್ಣಿನ ವಿಭಾಗದಾಗ ‘ಹನಿ ಹಾಕಿ ನಂಬರ್ ನೋಡ್ರಿ’ ಅಂತ ಕೇಳ್ರಿ. ಅವತ್ತು ಬೈಕ್ ಹೊಡೀಬ್ಯಾಡ್ರಿ. ಬಿಸಿಲು ಕಣ್ಣು ಕುಕ್ಕತದ, ಸಣ್ಣ ಅಕ್ಷರ ಮರುದಿನದ ತನಕ ಮಸಕಿರಬಹುದು. ಮುಂಚಿನ ಚೀಟಿಗಳು ಎಷ್ಟಿದ್ರೂ ಎಲ್ಲ ಒಯ್ರಿ.

ನಂದಿಬಟ್ಟಲು (ಕೊಪ್ಪಳ)

ಯೋಗದ ಕಡೆಯಿಂದ ಮಾಡುವ ಕ್ರಮ ಹೇಳುತ್ತೇನೆ. ವಿಡಿಯೊಗಳಲ್ಲಿ ಅರ್ಧಂಬರ್ಧ ತೋರಿಸುತ್ತಾರೆ.

ಅಂಗೈ ಮುಚ್ಚುವುದು: ಮೇಜಿನ ಮುಂದೆ ಕುಳಿತು ಮೊಣಕೈ ಕೆಳಗೆ ಮಡಿಸಿದ ಟವೆಲ್ ಅಥವಾ ದಿಂಬು ಇಡಿ. ಕುತ್ತಿಗೆ ಬಗ್ಗದಷ್ಟು ಎತ್ತರ ಬೇಕು. ಮೊಣಕೈಗೆ ಆಸರೆ ಇಲ್ಲದಿದ್ದರೆ ಎರಡನೇ ನಿಮಿಷಕ್ಕೇ ಭುಜ ಬಿಗಿಯುತ್ತದೆ, ಕಣ್ಣಿಗೆ ವಿಶ್ರಾಂತಿ ಕೊಡಲು ಹೋಗಿ ಹೆಗಲಿಗೆ ಕೂಲಿ ಕೊಟ್ಟಂತೆ. ಅಂಗೈಗಳನ್ನು ಬಟ್ಟಲಿನಂತೆ ಮಾಡಿ, ಬೆರಳುಗಳು ಹಣೆಯ ಮೇಲೆ ಒಂದರ ಮೇಲೊಂದು ಬರುವಂತೆ ಇಡಿ. ಅಂಗೈ ಅಂಚು ಕೆನ್ನೆ ಮೂಳೆಯ ಮೇಲೆ ಕೂರಬೇಕು. ಗುಡ್ಡೆಗೆ ಏನೇನೂ ತಾಗಬಾರದು. ಒಳಗೆ ಕಣ್ಣು ತೆರೆದು ಮುಚ್ಚಿದರೆ ರೆಪ್ಪೆಗೂದಲು ಅಂಗೈಗೆ ತಾಗದಿರುವುದೇ ಗುರುತು. ಐದು ನಿಮಿಷ, ದಿನಕ್ಕೆ ಮೂರು ಸಲ ಸಾಕು.

ಇಲ್ಲಿ ಆಗುವ ದೊಡ್ಡ ತಪ್ಪು ಎರಡು. ಒಂದು, ಒತ್ತುವುದು. ಒತ್ತಿ ತೆಗೆದರೆ ಸ್ವಲ್ಪ ಹೊತ್ತು ಎಲ್ಲ ಮಬ್ಬಾಗುತ್ತದೆ, ಗ್ಲುಕೋಮಾ (ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ) ಇದ್ದವರಿಗಂತೂ ಬೇಡವೇ ಬೇಡ. ಇನ್ನೊಂದು, ‘ಪೂರ್ತಿ ಕಪ್ಪು ಕಾಣಬೇಕು’ ಎಂದು ಹಟ ಹಿಡಿಯುವುದು. ಮುಚ್ಚಿದ ಕಣ್ಣಿನಲ್ಲಿ ಬೂದು ಬಣ್ಣ, ಚುಕ್ಕೆ, ಮಿಂಚು ಓಡಾಡುವುದು ಸಹಜ. ಕಪ್ಪನ್ನು ಹುಡುಕುತ್ತಾ ಕೂತರೆ ಹುಬ್ಬು ಗಂಟಾಗುತ್ತದೆ, ಉಸಿರು ನಿಲ್ಲುತ್ತದೆ. ಹಲ್ಲು ಕಚ್ಚಿದ್ದೀರಾ ನೋಡಿಕೊಳ್ಳಿ, ದವಡೆ ಬಿಟ್ಟರೆ ಹುಬ್ಬು ತಾನೇ ಬಿಡುತ್ತದೆ.

ಮೈ ತೂಗುವುದು: ಪಾದಗಳ ನಡುವೆ ಒಂದಡಿ ಬಿಟ್ಟು ನಿಂತು, ಸೊಂಟದಿಂದ ಮೇಲಿನ ಮೈಯನ್ನು ನಿಧಾನ ಎಡಕ್ಕೆ, ಬಲಕ್ಕೆ ತಿರುಗಿಸಿ. ಎಡಕ್ಕೆ ತಿರುಗಿದಾಗ ಬಲ ಹಿಮ್ಮಡಿ ಏಳಲಿ. ಕಣ್ಣು ಎಲ್ಲೂ ನಿಲ್ಲದೆ ಸುಮ್ಮನೆ ಜೊತೆಗೆ ಬರಲಿ, ರೆಪ್ಪೆ ಬಡಿಯುತ್ತಿರಲಿ. 30-40 ಸಲ. ತಲೆ ಸುತ್ತಿದರೆ ನಿಲ್ಲಿಸಿ.

ಸೂರ್ಯನನ್ನು ನೋಡುವುದು ಬೇಡ. ಬೆಳಗಿನ ಸೂರ್ಯ, ಸಂಜೆ ಸೂರ್ಯ ಎಂಬ ರಿಯಾಯಿತಿಯೂ ಬೇಡ. ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾದ ನಡುಭಾಗ ಸುಟ್ಟರೆ ಆ ಕ್ಷಣ ನೋವೇ ಆಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ದೃಷ್ಟಿಯ ಮಧ್ಯೆ ಮಚ್ಚೆ ಬಿದ್ದಿರುತ್ತದೆ. ದೀಪದ ತ್ರಾಟಕ, ಅಂದರೆ ಎವೆಯಿಕ್ಕದೆ ದೀಪವನ್ನೇ ನೋಡುವುದು, ಏಕಾಗ್ರತೆಗೆ ಒಳ್ಳೆಯದು. ಆದರೆ ದಿನವೆಲ್ಲ ಎವೆಯಿಕ್ಕದೆ ದಾರ ನೋಡಿದವರಿಗೆ ಸಂಜೆ ಮತ್ತೆ ಎವೆಯಿಕ್ಕದೆ ಕೂರಿಸುವುದು ಯಾವ ನ್ಯಾಯ?

ಮೈನಸ್-ಪ್ಲಸ್ (ರಾಯಚೂರು)

ಅಕ್ಕಾವ್ರು ಕ್ರಮ ಚೊಲೋ ಹೇಳ್ಯಾರ. ಒಂದು ಮಾತು ಸೇರಿಸ್ತೀನಿ, ಇದನ್ನ ಭಾಳ ಮಂದಿ ಹೇಳೂದಿಲ್ಲ. ಕತ್ತಲದಾಗ ಫೋಕಸ್ ಸ್ನಾಯು ಪೂರ್ತಿ ಸಡಿಲ ಆಗೂದಿಲ್ಲ. ನೋಡಾಕ ಏನೂ ಇಲ್ಲದಾಗ ಕಣ್ಣು ಸುಮಾರು ಒಂದು ಮೀಟರ್ ದೂರಕ್ಕ ತಾನೇ ನಿಂತುಬಿಡ್ತದ, ಅಂದ್ರ ಒಂದು ಡಯಾಪ್ಟರ್ ಆಸುಪಾಸು ಬಿಗಿತ. ಮನುಷ್ಯರಿಂದ ಮನುಷ್ಯರಿಗೆ ಸ್ವಲ್ಪ ಹೆಚ್ಚುಕಡಿಮಿ. ಬರೀ ಆಕಾಶ ನೋಡಿದ್ರೂ ಇದೇ ಗತಿ. ಅಂಗೈ ಮುಚ್ಚೋದರಿಂದ ಹುಬ್ಬು, ರೆಪ್ಪೆ, ಮನಸ್ಸು ಸಡಿಲ ಆಗ್ತಾವ, ಕಣ್ಣಿನ ಮ್ಯಾಲ್ಮೈ ತೇವ ಆಗ್ತದ. ಒಳಗಿನ ಸ್ನಾಯು ಕೊನೀತನಕ ಸಡಿಲಾಗಬೇಕಂದ್ರ ದೂರದಾಗ ಗೆರೆ, ಅಂಚು ಇರೋ ವಸ್ತು ಬೇಕು.

ಆದ್ದರಿಂದ ಅಂಗೈ ತೆಗೆದ ಕೂಡಲೇ ಮೊಬೈಲ್ ಹಿಡೀಬ್ಯಾಡ್ರಿ. ಬಳ್ಳಾರಿಯಾಗ ಅಂತೂ ಕೋಟೆ ಗುಡ್ಡ ಊರಿನ ನಡುವೆನೇ ಕುಂತದ, ಮಹಡಿಗೆ ಹತ್ತಿ ಗೋಡೆ ಎಲ್ಲಿ ಮುಗೀತದ, ಬಂಡೆ ಎಲ್ಲಿ ಶುರು ಆಗ್ತದ ಅಂತ ನೋಡ್ರಿ. ಗುಡ್ಡ ಕಾಣದಿದ್ರ ಬೇವಿನ ಗಿಡದ ಎಲೆ ಅಂಚು, ಅಂಗಡಿ ಬೋರ್ಡು, ಆರು ಮೀಟರ್ ಆಚೆ ಇದ್ರ ನಡೀತದ. ಕಿರುಗಣ್ಣು ಮಾಡಬ್ಯಾಡ್ರಿ, ಮಸಕಾಗಿ ಕಂಡ್ರ ಮಸಕಾಗೇ ಕಾಣಲಿ. ಕೆಲಸದಾಗ 20 ನಿಮಿಷಕ್ಕೊಮ್ಮೆ 20 ಸೆಕೆಂಡ್ ದೂರ ನೋಡೋ ರೂಢಿ ಅದ. ಪೀಸ್ ಲೆಕ್ಕದಾಗ ದುಡಿಯೋರು ಗಡಿಯಾರ ನೋಡೂದಿಲ್ಲ, ಒಂದು ಬಂಡಲ್ ಮುಗಿದ ಮ್ಯಾಲ ಒಮ್ಮೆ ಅಂತ ಇಟ್ಕೊಂಡ್ರ ನಡೀತದ.

ಮತ್ತೆ ಸಂಜಿಗೊಮ್ಮೆ: ಸಣ್ಣ ಅಕ್ಷರದ ಚೀಟಿ 40 ಸೆಂ.ಮೀ.ಗೆ, ಗೋಡೆ ಕ್ಯಾಲೆಂಡರ್ ಮೂರು ಮೀಟರ್‌ಗೆ. ಚೀಟಿ ಸ್ಪಷ್ಟ ಆದ ಮ್ಯಾಲ ಕ್ಯಾಲೆಂಡರ್, ಕ್ಯಾಲೆಂಡರ್ ಸ್ಪಷ್ಟ ಆದ ಮ್ಯಾಲ ಚೀಟಿ. ಹಿಂಗ 10-15 ಸಲ. ದೂರದ್ದು ಸ್ಪಷ್ಟ ಆಗಾಕ ಹಿಡಿಯೋ ಹೊತ್ತು ವಾರದಿಂದ ವಾರಕ್ಕ ಕಡಿಮಿ ಆಗ್ತಾ ಬಂದ್ರ ನೀವು ಸರಿ ದಾರಿಯಾಗ ಇದೀರಿ.

ಬಿಸಿಗಾಳಿ (ಸಿಂಧನೂರು)

ಎಲ್ಲರೂ ಒಳಗಿನ ಸ್ನಾಯು ಹಿಡಿದು ಕೂತಿದ್ದೀರಿ, ಕಣ್ಣಿನ ಮೇಲಿನ ನೀರಿನ ಪದರವನ್ನು ಮರೆತಿದ್ದೀರಿ. ಸುಮ್ಮನೆ ಕೂತಾಗ ನಿಮಿಷಕ್ಕೆ 15-20 ಸಲ ರೆಪ್ಪೆ ಬಡಿಯುತ್ತೇವೆ. ಸಣ್ಣ ಕೆಲಸ, ಸ್ಕ್ರೀನ್ ನೋಡುವಾಗ ಅದು ಮೂರನೇ ಒಂದು ಭಾಗಕ್ಕೂ ಇಳಿಯುತ್ತದೆ, ಬಡಿದರೂ ಅರ್ಧವೇ ಮುಚ್ಚುತ್ತದೆ. ನಮ್ಮ ಕಡೆಯ ಏಪ್ರಿಲ್ ಮೇ ತಿಂಗಳ ಒಣಗಾಳಿ, ಅದರ ಮೇಲೆ ಮುಖಕ್ಕೇ ಹಿಡಿದ ಸ್ಟ್ಯಾಂಡ್ ಫ್ಯಾನು. ಪದರ ಒಡೆದರೆ ಅದೂ ಮಸಕೇ.

ಎರಡರ ವ್ಯತ್ಯಾಸ ಹೀಗೆ: ಎರಡು ಮೂರು ಸಲ ಪೂರ್ತಿ ರೆಪ್ಪೆ ಮುಚ್ಚಿ ತೆಗೆದ ಕೂಡಲೇ ಸ್ಪಷ್ಟವಾದರೆ ಅದು ಒಣಗಿದ ಮಸಕು. ಹತ್ತು ನಿಮಿಷ ದೂರ ನೋಡಿದ ಮೇಲೆ ಹೋದರೆ ಸ್ನಾಯುವಿನದು. ಒಣಗಿದ್ದಕ್ಕೆ ಫ್ಯಾನನ್ನು ಬೆನ್ನಿನ ಕಡೆ ತಿರುಗಿಸಿ. ತಾಸಿಗೊಮ್ಮೆ ರೆಪ್ಪೆ ಮೆತ್ತಗೆ ಮುಚ್ಚಿ ಎರಡು ಸೆಕೆಂಡ್ ಬಿಟ್ಟು ತೆರೆಯಿರಿ, ಹತ್ತು ಸಲ. ಸಾಲದಿದ್ದರೆ ಕಣ್ಣು ತೇವ ಇಡುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5% ಹನಿ, ದಿನಕ್ಕೆ ನಾಲ್ಕು ಸಲ. ಬಾಟಲಿ ತೆರೆದು ತಿಂಗಳಾದರೆ ಎಸೆಯಿರಿ. ಮೆಡಿಕಲ್ ಶಾಪ್‌ನಲ್ಲಿ ‘ಕೆಂಪು ಹೋಗೋ ಹನಿ’ ಅಂತ ಕೇಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ತಿಂಗಳುಗಟ್ಟಲೆ ಹಾಕಿಕೊಂಡವರಿಗೆ ಕಣ್ಣೊಳಗಿನ ಒತ್ತಡ ಏರಿ ಗ್ಲುಕೋಮಾ ಬರಬಹುದು, ಪೊರೆಯೂ ಬರಬಹುದು.

ನಂದಿಬಟ್ಟಲು ಹೆಸರಿನವರು ಬೇಜಾರಾಗಬೇಡಿ: ಆ ಹೂವನ್ನು ಮುಚ್ಚಿದ ಕಣ್ಣಿನ ಮೇಲಿಟ್ಟರೆ ತಂಪು, ಅಷ್ಟೇ. ರಸ ಹಿಂಡಿ ಒಳಗೆ ಬಿಡುವುದು, ಜೇನು ಬಿಡುವುದು ಬೇಡ. ಕಾರ್ನಿಯಾಕ್ಕೆ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸೋಂಕು ತಗುಲಿದರೆ ಹುಣ್ಣಾಗಿ ಬಿಳಿ ಕಲೆ ಉಳಿಯುತ್ತದೆ. ಭತ್ತದ ಹೊಟ್ಟು ಬಿದ್ದ ಕಣ್ಣಿಗೂ ಇದೇ ಮಾತು: ಉಜ್ಜಬೇಡಿ, ಶುದ್ಧ ನೀರಿನಲ್ಲಿ ತೊಳೆದು ಆವತ್ತೇ ತೋರಿಸಿ. ಗಿಡಗಂಟಿಯ ಗಾಯದಿಂದ ಬರುವ ಶಿಲೀಂಧ್ರದ ಹುಣ್ಣು ಬಹಳ ಹಟಮಾರಿ.

ಚೆಕ್ಕಿಂಗ್ ಟೇಬಲ್ (ಬಳ್ಳಾರಿ)

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು. ಮೈನಸ್ 4 ಇರೋ ಹುಡುಗಿ ಒಬ್ಬಳು ಒಂದು ವಾರ ಕನ್ನಡಕ ಬಿಟ್ಟು, ‘ಚಾರ್ಟಿನಲ್ಲಿ ಎರಡು ಸಾಲು ಹೆಚ್ಚು ಕಾಣ್ತೈತೆ’ ಅಂತಾಳೆ. ಅದು ಸುಳ್ಳಾ? ಮಾಸ್ಟರ್ ಟೈಲರ್‌ಗೆ 46 ವರ್ಷ, ಸೂಜಿಗೆ ದಾರ ಹೋಗಲ್ಲ. ಅವರಿಗೂ ಇದು ನಡೆಯುತ್ತಾ?

ಮೈನಸ್-ಪ್ಲಸ್ (ರಾಯಚೂರು)

ಸುಳ್ಳಲ್ಲ. ಕನ್ನಡಕ ಬಿಟ್ಟು ಒಂದೆರಡು ತಾಸು ಮಸಕಿನಾಗ ಇದ್ರ ಮಿದುಳು ಮಸಕನ್ನ ಓದೋದು ಕಲೀತದ, ಒಂದೆರಡು ಸಾಲು ಹೆಚ್ಚಿಗಿ ಕಾಣ್ತಾವ. ಚಾರ್ಟ್ ಬಾಯಿಪಾಠ ಆಗೋದೂ ಅದ. ಮಷಿನ್‌ನಾಗ ಅಳೆದ್ರ ಮೈನಸ್ 4 ಹಂಗೇ ಇರ್ತದ. ಆಕಿಗೆ ಕನ್ನಡಕ ಬಿಡಬ್ಯಾಡ ಅಂತ ಹೇಳ್ರಿ. ಕನ್ನಡಕ ಇಲ್ಲದಾಗ ಆಕಿಗೆ ಸ್ಪಷ್ಟ ಕಾಣೋದು 25 ಸೆಂ.ಮೀ. ತನಕ ಮಾತ್ರ, ಟೇಬಲ್ ಮ್ಯಾಲ ಬಗ್ಗಿ ಬಗ್ಗಿ ಕುತ್ತಿಗೆ ಹೋಗ್ತದ. ಇನ್ನೂ ನಂಬರ್ ಏರೋ ವಯಸ್ಸಿನ ಮಕ್ಕಳಿಗಂತೂ ಬೇಕಂತಲೇ ಕಡಿಮಿ ನಂಬರ್ ಕೊಡಬಾರದು. 2002ರಾಗ ಪ್ರಕಟ ಆದ ಮಲೇಷಿಯಾದ ಪ್ರಯೋಗದಾಗ ಹಂಗ ಕೊಟ್ಟು ನೋಡಿದಾಗ, ಕಡಿಮಿ ಕೊಟ್ಟ ಮಕ್ಕಳದ್ದೇ ಜಾಸ್ತಿ ಏರಿತ್ತು. ಮಕ್ಕಳಿಗೆ ಕೆಲಸ ಮಾಡೋದು ಬಯಲಿನ ಬೆಳಕು. 2015ರಾಗ ಪ್ರಕಟ ಆದ ಚೀನಾದ ಗ್ವಾಂಗ್‌ಝೌ ಶಾಲೆಗಳ ಪ್ರಯೋಗದಾಗ ದಿನಕ್ಕ 40 ನಿಮಿಷ ಹೊರಗಿನ ಪಿರಿಯಡ್ ಹೆಚ್ಚು ಮಾಡಿದ್ರು. ಮೂರು ವರ್ಷಕ್ಕ ಹೊಸದಾಗಿ ಮೈನಸ್ ಬಂದದ್ದು 30.4%, ಹೆಚ್ಚು ಮಾಡದ ಶಾಲೆಗಳಾಗ 39.5%. ನಮ್ಮ ಬಿಸಿಲಿಗೆ ಹೆದರಬ್ಯಾಡ್ರಿ, ಬೇವಿನ ನೆರಳಿನಾಗೂ ಮನೆಯೊಳಗಿನಕಿಂತ ಹತ್ತಾರು ಪಟ್ಟು ಬೆಳಕು ಇರ್ತದ.

ಮೈನಸ್ 4 ಅಂದ್ರ ಗುಡ್ಡೆ ಉದ್ದ, ರೆಟಿನಾ ಹಿಗ್ಗಿರ್ತದ. ಏಕಾಏಕಿ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಒಂದು ಕಡೆಯಿಂದ ಪರದೆ ಬಿದ್ದಂಗ ಕಂಡ್ರ ಆವತ್ತೇ ಆಸ್ಪತ್ರೆ.

ಮಾಸ್ಟರ್ ಅವರದ್ದು ಸ್ನಾಯು ದಣಿದದ್ದಲ್ಲ, ಮಸೂರನೇ ಗಟ್ಟಿಯಾಗೇದ. ವ್ಯಾಯಾಮದಿಂದ ಮೆತ್ತಗೆ ಆಗೂದಿಲ್ಲ. ಪ್ಲಸ್ 1.25 ಅಥವಾ 1.50ರ ಆಸುಪಾಸು ಬೇಕಾಗಬಹುದು. ಮಷಿನ್ ಮುಂದೆ ಕುಂತು ಸೂಜಿ ಎಷ್ಟು ದೂರ ಇರ್ತದ ಅಂತ ಟೇಪಿನಾಗ ಅಳೆದು, ಆ ಲೆಕ್ಕ ಹೇಳಿ ನಂಬರ್ ಬರೆಸ್ಕೊಳ್ರಿ. ಜತೀಗೆ ಶುಗರ್ ಪರೀಕ್ಷೆ ಮಾಡಿಸ್ಲಿ.

ಬಿಸಿಗಾಳಿ (ಸಿಂಧನೂರು)

ಟೇಬಲ್ ಲೈಟ್ ಬಗ್ಗೆ ಯಾರೂ ಕೇಳಲಿಲ್ಲ. ಕಡುನೀಲಿ ಬಟ್ಟೆ ಬೆಳಕು ನುಂಗುತ್ತದೆ. ಚಾವಣಿಯ ಟ್ಯೂಬ್ ಸಾಲದೆ ಬಟ್ಟೆಯನ್ನು ಮೂಗಿಗೆ ತರುತ್ತಾರೆ, ಆಗ 2.5 ಡಯಾಪ್ಟರ್ ಇದ್ದ ಬಿಗಿತ 4 ಆಗುತ್ತದೆ. ಬಲಗೈಯವರಿಗೆ ಎಡಗಡೆಯಿಂದ, ಬಲ್ಬು ಕಣ್ಣಿಗೆ ಕಾಣದಂತೆ ಮರೆ ಇಟ್ಟು, ಒಂದು ಎಲ್‌ಇಡಿ ದೀಪ ಓರೆಯಾಗಿ ಬೀಳಿಸಿ. ಹೊಲಿಗೆಗೆ ನೆರಳು ಬಂದರೆ ಬಿಟ್ಟ ಗಂಟು ತಾನೇ ಎದ್ದು ಕಾಣುತ್ತದೆ.