ಹಾಡಿನ ಮಧ್ಯೆ ಡಿಲೇ ತಿದ್ದೋದು ಹೇಗೆ? ಬಗ್ಗಿ ಬಗ್ಗಿ ಸೊಂಟ ಹೋಯ್ತು

ಆರುತಂತಿ_ಹಾಸನ

ಎಲ್ಲರಿಗೂ ನಮಸ್ಕಾರ. ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಹಗಲು ಬೇರೆ ಕೆಲಸ ಇದೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯೋವರೆಗೆ ರಾತ್ರಿಯೆಲ್ಲ ಸ್ಟೇಜ್ ಮೇಲೆ. ಮೊದಲು ಗಿಟಾರ್ ಸೌಂಡ್ ಬದಲಾಯಿಸುವ ನಾಲ್ಕು ಪೆಡಲ್ ಸಾಲಾಗಿ ಇಟ್ಟುಕೊಳ್ಳುತ್ತಿದ್ದೆ. ಹೋದ ವರ್ಷ ಅವನ್ನೆಲ್ಲ ಮಾರಿ, ಎಲ್ಲ ಎಫೆಕ್ಟೂ ಒಂದೇ ಡಬ್ಬಿಯಲ್ಲಿರುವ ಪ್ರೊಸೆಸರ್ ತಗೊಂಡೆ. ಕಂಪನಿ ಹೆಸರು ಹೇಳಿದರೆ ಇಲ್ಲಿ ಜಗಳ ಶುರುವಾಗುತ್ತೆ, ಬೇಡ. ಮೂರು ಕಾಲು ಸ್ವಿಚ್, ಕಾಲಲ್ಲಿ ಹಿಂದೆ ಮುಂದೆ ಒತ್ತುವ ಒಂದು ಎಕ್ಸ್‌ಪ್ರೆಶನ್ ಪೆಡಲ್, ಮೇಲೆ ಮೂರು ನಾಬ್, ಬೆಂಕಿಪೊಟ್ಟಣದಷ್ಟು ಸ್ಕ್ರೀನ್.

ಒಂದು ಮೆಲೊಡಿ ಹಾಡಿಗೆ ಮನೆಯಲ್ಲೇ ಪ್ಯಾಚ್, ಅಂದರೆ ಸೆಟ್ಟಿಂಗ್, ಮಾಡಿಟ್ಟಿದ್ದೆ. 100 ಬಿಪಿಎಂ (ನಿಮಿಷಕ್ಕೆ 100 ಬೀಟ್) ಲೆಕ್ಕಕ್ಕೆ ಡಿಲೇ, ಅಂದರೆ ನುಡಿಸಿದ್ದು ಎಕೋ ಆಗಿ ಮರಳುವ ಹೊತ್ತು, 600 ಮಿಲಿಸೆಕೆಂಡ್. ಆವತ್ತು ಡ್ರಮ್ಸ್ ಹುಡುಗ ಜನರ ಶಿಳ್ಳೆಗೆ ಉಬ್ಬಿಹೋಗಿ 110ಕ್ಕೆ ಶುರು ಮಾಡಿಬಿಟ್ಟ. ನನ್ನ ಎಕೋ ಒಂದು ಕಡೆ, ತಾಳ ಇನ್ನೊಂದು ಕಡೆ. ಹಳೇ ಪೆಡಲ್ ಆಗಿದ್ದರೆ ಕಾಲಿನ ಹೆಬ್ಬೆರಳಲ್ಲೇ ನಾಬ್ ತಿರುಗಿಸುತ್ತಿದ್ದೆ. ಇಲ್ಲಿ ಬಗ್ಗಿ ಕೂತು, ಎಡಿಟ್ ಒತ್ತಿ, ಡಿಲೇ ಹುಡುಕಿ, ಎರಡು ಪೇಜ್ ದಾಟಿ ಟೈಮ್ ಹತ್ತಿರ ಹೋಗುವಷ್ಟರಲ್ಲಿ ಪಲ್ಲವಿ ಮುಗಿದು ನನ್ನ ಗಿಟಾರ್ ಬಿಟ್ ಬಂದೇಬಿಟ್ಟಿತು. ತಲೆ ಎತ್ತಿ ನೋಡಿದರೆ ಕೀಬೋರ್ಡ್‌ನವರು ಅದನ್ನ ನುಡಿಸುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ, ‘ಪಾಪ, ಆ ಹುಡುಗನ ಏನೋ ಬಿದ್ದೋಗಿದೆ’ ಅಂದರಂತೆ.

ಮಿಡಿ (ಸಂಗೀತ ಉಪಕರಣಗಳು ಒಂದಕ್ಕೊಂದು ಸೂಚನೆ ಕಳಿಸುವ ಪದ್ಧತಿ) ನಾಬ್‌ಗಳಿರುವ ಸಣ್ಣ ಬಾಕ್ಸ್ ತಗೊಂಡು ಮೈಕ್ ಸ್ಟ್ಯಾಂಡ್‌ಗೆ ಕಟ್ಟಿಕೊಳ್ಳೋಣ ಅಂತಿದ್ದೇನೆ. ಯಾರಾದರೂ ಮಾಡಿದ್ದೀರಾ? ಇಲ್ಲ, ಹಳೇ ಪೆಡಲ್‌ಗೇ ವಾಪಸ್ ಹೋಗಲಾ?

ಬರಿಗಾಲು_ಗಿಟಾರ್

ತಮ್ಮಾ, ದುಡ್ಡು ಜೇಬಲ್ಲೇ ಇರಲಿ. ಮೊದಲು ಒಂದು ಕಾಲು ಸ್ವಿಚ್‌ಗೆ ಟ್ಯಾಪ್ ಟೆಂಪೋ ಹಾಕು, ತುಳಿದ ವೇಗಕ್ಕೆ ಡಿಲೇ ಕೂರುತ್ತೆ. ಡಿಲೇಯನ್ನ ಮಿಲಿಸೆಕೆಂಡಲ್ಲಿ ಇಡಬೇಡ. ಕ್ವಾರ್ಟರ್ ನೋಟ್, ಅಂದರೆ ಒಂದು ಬೀಟ್, ಅಂತ ಇಡು. ಹಾಡು ಶುರುವಾದ ಮೇಲೆ ನಾಲ್ಕು ಸಲ ತುಳಿದರೆ ಆಯ್ತು. 60,000ವನ್ನು ಬಿಪಿಎಂನಿಂದ ಭಾಗಿಸುವ ಲೆಕ್ಕ ಅದೇ ಮಾಡಿಕೊಳ್ಳುತ್ತೆ. ನಿನ್ನ 110ಕ್ಕೆ 545 ಬರುತ್ತೆ. ಅಂದರೆ ಆವತ್ತು ಮೊದಲ ಎಕೋ 55 ಮಿಲಿಸೆಕೆಂಡ್ ತಡ, ಎರಡನೆಯದು 110. ಕಿವಿಗೆ ಹೊಡೆಯದೆ ಇರುತ್ತಾ?

ಒಂದು ಮಾತು. ಡ್ರಮ್ಸ್‌ನ ಸ್ನೇರ್ ಕೇಳಿಕೊಂಡು ತುಳಿಯಬೇಡ. ಅದು ಎರಡು ಬೀಟಿಗೊಮ್ಮೆ ಬೀಳುತ್ತೆ, ಡಿಲೇ ದುಪ್ಪಟ್ಟಾಗುತ್ತೆ. ಸುಮ್ನೆ ಕಾಲಲ್ಲಿ ತಾಳ ಹಾಕುತ್ತೀಯಲ್ಲ, ಹಾಗೇ ತುಳಿ. ನಾನು ಚಪ್ಪಲಿ ಬಿಟ್ಟೇ ನುಡಿಸುವುದು. ಯಾವ ಸ್ವಿಚ್ ಅಂತ ಪಾದಕ್ಕೆ ಗೊತ್ತಾಗುತ್ತೆ.

ಎಕ್ಸ್‌ಪ್ರೆಶನ್ ಪೆಡಲನ್ನ ‘ವಾ’ ಅನ್ನೋ ಎಫೆಕ್ಟ್‌ಗೆ ಹಾಕಿಟ್ಟಿದ್ದೀಯ ಅಲ್ವಾ? ಎಲ್ಲರೂ ಅದನ್ನೇ ಮಾಡುವುದು. ರಾತ್ರಿಗೆ ಎಷ್ಟು ಹಾಡಿಗೆ ವಾ ಬೇಕು, ಎರಡಕ್ಕಾ? ಅದನ್ನ ತೆಗೆದು ಡಿಲೇ ಮಿಕ್ಸ್‌ಗೆ (ಎಕೋ ಎಷ್ಟು ಕೇಳಬೇಕು ಅನ್ನೋದಕ್ಕೆ) ಕೊಡು. 0ಯಿಂದ 100 ಅಲ್ಲ. ಹಿಮ್ಮಡಿ ಒತ್ತಿದರೆ 10, ಮುಂಗಾಲು ಒತ್ತಿದರೆ 35. ಹಾಗಿಟ್ಟರೆ ಕಾಲು ಎಲ್ಲಿದ್ದರೂ ಸೌಂಡ್ ಕೆಡಲ್ಲ. ಗೇನ್‌ಗೆ ನಾಬೇ ಬೇಡ, ಗಿಟಾರ್ ಮೇಲೆ ವಾಲ್ಯೂಮ್ ಇದೆಯಲ್ಲ. 10ರಿಂದ 6ಕ್ಕೆ ಇಳಿಸು, ಡಿಸ್ಟಾರ್ಶನ್ ತಾನೇ ಸಣ್ಣಗಾಗುತ್ತೆ. ಶುರುವಿನಲ್ಲೇ ಸೌಂಡಿನ ಏರಿಳಿತ ಸಮ ಮಾಡುವ ಕಂಪ್ರೆಸರ್ ಕೂರಿಸಿದ್ದರೆ ಮಾತ್ರ ಈ ಆಟ ಅಷ್ಟು ನಡೆಯಲ್ಲ.

ವೈರ್_ಗಂಟು

ಮಿಡಿ ಬಾಕ್ಸ್ ಬಗ್ಗೆ ನಾನು ಹೇಳುತ್ತೇನೆ, ದುಡ್ಡು ಕಳೆದುಕೊಂಡವನು ನಾನೇ. ನಿಮ್ಮದರಲ್ಲಿ ಐದು ಪಿನ್‌ನ ಮಿಡಿ ಇನ್ ಇದೆಯಾ ನೋಡಿ. ಬರೀ ಯುಎಸ್‌ಬಿ ಇದ್ದರೆ ಅದು ಸಾಮಾನ್ಯವಾಗಿ ಕಂಪ್ಯೂಟರ್ ಜೊತೆ ಮಾತ್ರ ಮಾತಾಡುತ್ತೆ. ನಾಬ್ ಬಾಕ್ಸೂ ಹಾಗೇ. ಎರಡಕ್ಕೂ ನೇರ ಕೇಬಲ್ ಹಾಕಿದರೆ ಏನೂ ಆಗಲ್ಲ. ಮಧ್ಯದಲ್ಲಿ ಯುಎಸ್‌ಬಿ ಹೋಸ್ಟ್ ಅಂತ ಇನ್ನೊಂದು ಡಬ್ಬಿ ಬೇಕು, ಅದಕ್ಕೊಂದು ಅಡಾಪ್ಟರ್.

ಮಿಡಿ 1983ರದ್ದು. ನಾಬ್ ತಿರುಗಿಸಿದರೆ ಹೋಗೋದು 0ಯಿಂದ 127ರವರೆಗಿನ ಒಂದು ಸಂಖ್ಯೆ, ಅಷ್ಟೆ. ಮಿಕ್ಸ್‌ಗೆ, ವಾಲ್ಯೂಮ್‌ಗೆ ಧಾರಾಳ ಸಾಕು. ಒಂದು ಸೆಕೆಂಡಿನ ಡಿಲೇ ಟೈಮನ್ನ ಅದರ ಮೇಲೆ ಹರಡಿದರೆ ಒಂದು ಹೆಜ್ಜೆಗೇ ಸುಮಾರು 8 ಮಿಲಿಸೆಕೆಂಡ್. ಕೈಯಲ್ಲಿ ತಾಳಕ್ಕೆ ಕೂರಿಸುವುದು ಕಷ್ಟ. ಟ್ಯಾಪೇ ಸರಿ.

ಇನ್ನೊಂದು ಕಾಟ: ನಾಬ್ ಜಿಗಿತ. ಪ್ಯಾಚ್ ಬದಲಾಯಿಸಿದಿರಿ ಅಂದುಕೊಳ್ಳಿ. ಒಳಗೆ ಮಿಕ್ಸ್ 20 ಇದೆ, ಬಾಕ್ಸ್ ಮೇಲಿನ ನಾಬ್ ಹಿಂದಿನ ಹಾಡಿನ 90ರಲ್ಲೇ ನಿಂತಿದೆ. ಸ್ವಲ್ಪ ಮುಟ್ಟಿದರೆ ಸಾಕು, 20ರಿಂದ 90ಕ್ಕೆ ಹಾರುತ್ತೆ. ನನ್ನ ಕೇಸಲ್ಲಿ ಅದು ರಿವರ್ಬ್ (ದೊಡ್ಡ ಹಾಲ್‌ನಂಥ ಗುಂಗು) ಆಗಿತ್ತು, ಗಾಯಕರು ಹಿಂದೆ ತಿರುಗಿ ನೋಡಿದರು. ಕೊನೆಯಿಲ್ಲದೆ ಸುತ್ತುವ ಎನ್‌ಕೋಡರ್ ಇರುವುದನ್ನೇ ತಗೊಳ್ಳಿ, ಅದರಲ್ಲೂ ಕೂಡು-ಕಳೆ ಲೆಕ್ಕದಲ್ಲಿ ಕಳಿಸುವುದು. ಪ್ರೊಸೆಸರ್‌ಗೂ ಅದು ಅರ್ಥವಾಗಬೇಕು, ಮೊದಲೇ ಕೇಳಿಕೊಳ್ಳಿ.

ದೊಡ್ಡ ಬಜೆಟ್ ಇದ್ದರೆ ಕ್ವಾಡ್ ಕಾರ್ಟೆಕ್ಸ್ ಅನ್ನೋ ಪ್ರೊಸೆಸರ್‌ನಲ್ಲಿ ಕಾಲು ಸ್ವಿಚ್ಚೇ ನಾಬ್. ತುಳಿಯಬಹುದು, ಕೈಯಲ್ಲಿ ತಿರುಗಿಸಲೂಬಹುದು. ಹೀಲಿಕ್ಸ್ ಅನ್ನೋ ಇನ್ನೊಂದರಲ್ಲಿ ಸ್ವಿಚ್ ಮೇಲೆ ಬೆರಳಿಟ್ಟರೆ ಆ ಎಫೆಕ್ಟ್ ಸ್ಕ್ರೀನಿಗೆ ಬರುತ್ತೆ. ಆದರೆ ಕೈಯಲ್ಲಿ ತಿದ್ದಬೇಕೆಂದರೆ ಎರಡಕ್ಕೂ ಬಗ್ಗಲೇಬೇಕು.

ಮಿಕ್ಸರ್_ಮೂಲೆ

ಮೈಕ್ ಸೆಟ್ ಕಡೆಯಿಂದ ಒಂದು ವಿನಂತಿ. ಮಾಸ್ಟರ್ ವಾಲ್ಯೂಮ್‌ಗೆ ಮಾತ್ರ ಯಾವ ನಾಬೂ ಕಟ್ಟಬೇಡಿ. ನೀವು ಏರಿಸುತ್ತೀರಿ, ನಾನು ಇಳಿಸುತ್ತೇನೆ, ರಾತ್ರಿಯೆಲ್ಲ ಇದೇ. ಸೋಲೋಗೆ ಒಂದು ಬೂಸ್ಟ್ ಸ್ವಿಚ್ ಇರಲಿ, 3 ಡಿಬಿ ಸಾಕು.

ಅರ್ಧ ಜನ ಹಾಡಿನ ಮಧ್ಯೆ ಬಗ್ಗುವುದು ಟೋನ್ ತಿದ್ದಲಿಕ್ಕೆ. ಮನೆಯಲ್ಲಿ ಸಣ್ಣ ಸೌಂಡಲ್ಲಿ ಪ್ಯಾಚ್ ಮಾಡಿರುತ್ತಾರೆ. ಸಣ್ಣ ಸೌಂಡಲ್ಲಿ ಕಿವಿಗೆ ಬೇಸ್, ಟ್ರೆಬಲ್ ಎರಡೂ ಕಮ್ಮಿ ಕೇಳುತ್ತೆ, ಅದಕ್ಕೇ ಏರಿಸುತ್ತಾರೆ. ಸ್ಟೇಜ್‌ನಲ್ಲಿ ಅದೇ ಪ್ಯಾಚ್ ಗುಂಯ್ ಅನ್ನುತ್ತೆ, ಚುಚ್ಚುತ್ತೆ. ಸೌಂಡ್ ಚೆಕ್‌ಗೆ ಅರ್ಧ ಗಂಟೆ ಮುಂಚೆ ಬಂದು ದೊಡ್ಡ ಸ್ಪೀಕರ್‌ನಲ್ಲೇ ತಿದ್ದಿ ಸೇವ್ ಮಾಡಿಕೊಳ್ಳಿ. ಚಹಾ ನಾನು ಕೊಡಿಸುತ್ತೇನೆ.

ಆರುತಂತಿ_ಹಾಸನ

ರಾಜ್ಯೋತ್ಸವದ ಪ್ರೋಗ್ರಾಂ ಮುಗಿಸಿ ಬರೆಯುತ್ತಿದ್ದೇನೆ. ಬರಿಗಾಲು ಅಣ್ಣಾ, ಟ್ಯಾಪ್ ಕೆಲಸ ಮಾಡಿತು. ಅದೇ ಹಾಡು, ಅದೇ ಡ್ರಮ್ಸ್ ಹುಡುಗ, ಈ ಸಲ ಇನ್ನೂ ಜೋರು. ನಾಲ್ಕು ಸಲ ತುಳಿದೆ, ಕೂತಿತು. ಆದರೆ ವಾ ತೆಗೆಯಲು ಮನಸ್ಸು ಬರಲಿಲ್ಲ, ಕ್ಷಮಿಸಿ. ಪೆಡಲನ್ನ ಮುಂದಕ್ಕೆ ಜೋರಾಗಿ ಒತ್ತಿದರೆ ವಾ ಬರುತ್ತೆ, ಇನ್ನೊಂದು ಸಲ ಒತ್ತಿದರೆ ಮತ್ತೆ ಡಿಲೇ ಮಿಕ್ಸ್.

ಮಿಡಿ ಬಾಕ್ಸ್ ಆಸೆ ಬಿಟ್ಟೆ, ನನ್ನದರಲ್ಲಿ ಬರೀ ಯುಎಸ್‌ಬಿ. ಮೇಲಿರುವ ಮೂರು ನಾಬ್‌ಗೆ ಬೇಸ್, ಟ್ರೆಬಲ್, ರಿವರ್ಬ್ ಅಸೈನ್ ಮಾಡಿ, ಪ್ರೊಸೆಸರನ್ನೇ ಒಂದು ಖಾಲಿ ಸೋಡಾ ಕ್ರೇಟ್ ಮೇಲೆ ಓರೆಯಾಗಿ ಇಟ್ಟೆ. ಬಗ್ಗುವುದು ಅರ್ಧಕ್ಕರ್ಧ ಕಮ್ಮಿ ಆಯ್ತು. ಕತ್ತಲಲ್ಲಿ ಯಾವ ನಾಬ್ ಎಲ್ಲಿದೆ ಅಂತ ಕಾಣಲಿ ಅಂತ ನಮ್ಮ ಗಾಯಕಿ ಅಕ್ಕನ ನೇಲ್ ಪಾಲಿಶ್‌ನಲ್ಲಿ ಚುಕ್ಕೆ ಇಟ್ಟಿದ್ದೇನೆ. ಬಾಟಲಿ ಇನ್ನೂ ನನ್ನ ಗಿಟಾರ್ ಬ್ಯಾಗಲ್ಲೇ ಇದೆ, ಅವರು ಎರಡು ಸಲ ಕೇಳಿದರು.